ಕಣ್ಣಿನ ರಕ್ತನಾಳ ಬ್ಲಾಕ್ ಆಯ್ತಾ? ಇನ್ಮೇಲೆ ಕಾಯ್ಬೇಕಾಗಿರೋದು ಮೆದುಳು, ಹಾರ್ಟು

ನಾನು ದಾವಣಗೆರೇಲಿ ಮೆಡಿಕಲ್ ಶಾಪ್ ಇಟ್ಕೊಂಡಿರೋನು, ಡಾಕ್ಟರ್ ಅಲ್ಲ, ಅದನ್ನ ಮೊದ್ಲೇ ಹೇಳಿಬಿಡ್ತೀನಿ. ಇದನ್ನ ಬರೀತಿರೋದು ನಮ್ಮನೇಲೇ ಆಗಿದ್ದಕ್ಕೆ.

ಆರು ವರ್ಷದ ಹಿಂದೆ ಒಂದಿನ ಬೆಳಿಗ್ಗೆ ಅಪ್ಪಾಜಿ ಪೇಪರ್ ಹಿಡ್ಕೊಂಡು ಕೂತಿದ್ರು. ಕನ್ನಡಕ ತೆಗೆದು ಪಂಚೆ ಅಂಚಿಗೆ ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ತೆಗೆದು ಒರೆಸಿದ್ರು. ಆಮೇಲೆ ನನ್ನ ಕರೆದು "ಈ ಎಡಗಡೆ ಗಾಜು ಕೆಟ್ಟೈತೆ ಕಣೋ, ಅಂಗಡಿ ಕಡೆ ಹೋದಾಗ ಬದಲಾಯಿಸ್ಕೊಂಡು ಬಾ" ಅಂದ್ರು. ಗಾಜು ಸರಿಯಾಗೇ ಇತ್ತು. ನೋವಿಲ್ಲ, ಕೆಂಪಿಲ್ಲ, ನೀರು ಬರ್ತಿಲ್ಲ, ಹಂಗಾಗಿ ಯಾರಿಗೂ ಗಾಬರಿನೂ ಆಗ್ಲಿಲ್ಲ. ಅಮ್ಮ ಉಷ್ಣ ಆಗೈತೆ ಅಂತ ನೆತ್ತಿಗೆ ಹರಳೆಣ್ಣೆ ಹಾಕಿದ್ಲು. ಸಂಜೆ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ, ಕಣ್ಣಿಗೆ ರಕ್ತ ಕೊಡೋ ನಾಳ ಬ್ಲಾಕ್ ಆಗೈತೆ, ಟೈಮ್ ಮೀರೈತೆ, ದೃಷ್ಟಿ ವಾಪಸ್ ಬರೋದು ಕಷ್ಟ, ಒಂದು ತಿಂಗಳು ಬಿಟ್ಟು ಬನ್ನಿ ಅಂದ್ರು. ಚೀಟಿ ಕೆಳಗಡೆ ಸಣ್ಣಕ್ಷರದಲ್ಲಿ "ಫಿಜಿಷಿಯನ್ ಒಪೀನಿಯನ್", ಅಂದ್ರೆ ಜನರಲ್ ಡಾಕ್ಟರ್‌ಗೂ ತೋರಿಸ್ರಿ ಅಂತ ಗೀಚಿದ್ರು. ದಿನಕ್ಕೆ ನೂರಾರು ಚೀಟಿ ಓದೋ ನಾನು ಆ ಒಂದು ಸಾಲು ಓದ್ಲಿಲ್ಲ ನೋಡ್ರಿ.

ಹನ್ನೊಂದನೇ ದಿನ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯೋಕೆ ಹೋದ್ರೆ ಬಲಗೈ ಬೆರಳು ಸೇರ್ತಿಲ್ಲ, ತುತ್ತು ತಟ್ಟೆ ಆಚೆ ಬೀಳ್ತೈತೆ, ಏನಾಯ್ತು ಅಂದ್ರೆ ಮಾತು ತೊದಲು. ಲಕ್ವ. ಆಸ್ಪತ್ರೇಲಿ ಕತ್ತಿನ ಸ್ಕ್ಯಾನ್ ಮಾಡಿದಾಗ ಎಡಗಡೆ ರಕ್ತನಾಳ ಮುಕ್ಕಾಲಿಗಿಂತ ಜಾಸ್ತಿ ಕಟ್ಟಿತ್ತು. ಎಡಗಣ್ಣಿಗೂ ಮೆದುಳಿನ ಎಡಭಾಗಕ್ಕೂ ರಕ್ತ ಹೋಗೋದು ಒಂದೇ ಪೈಪಿಂದ, ಮೆದುಳಿನ ಎಡಭಾಗ ನಡೆಸೋದು ಬಲಗೈನ, ಹೆಚ್ಚಿನವರಲ್ಲಿ ಮಾತನ್ನೂ ಅದೇ ನಡೆಸೋದು. ಅಲ್ಲಿ ಕಟ್ಟಿದ್ದರಿಂದ ಕಿತ್ತು ಬಂದ ಮೊದಲ ಚೂರು ಕಣ್ಣಿಗೆ ಹೋಯ್ತು, ಎರಡನೇದು ಮೆದುಳಿಗೆ ಹೋಯ್ತು, ಅಷ್ಟೇ. ಮಧ್ಯೆ ಸಿಕ್ಕಿದ್ದ ಹನ್ನೊಂದು ದಿನ ನಾವು ಐ ಡ್ರಾಪ್ಸ್ ಹಾಕ್ಕೊಂಡು ಕೂತಿದ್ವಿ.

ಇದು ಕಣ್ಣಿನ ಕಾಯಿಲೆ ಅಲ್ಲ ಅಂತ ಮೊದ್ಲು ತಲೇಲಿ ಕೂರಿಸ್ಕೊಳ್ರಿ

ಕಣ್ಣಿನ ಹಿಂದಿನ ಪರದೆ, ಅಂದ್ರೆ ರೆಟಿನಾ, ಅದು ಮೆದುಳಿನದೇ ಒಂದು ತುಂಡು ಇದ್ದಂಗೆ. ಅದಕ್ಕೆ ರಕ್ತ ಕೊಡೋ ನಾಳ ಕತ್ತಿನ ದೊಡ್ಡ ನಾಳದ (ಕರೋಟಿಡ್ ಅಂತಾರೆ) ಕವಲಿಂದ ಬರೋದು. ಅಮೆರಿಕದ ಹಾರ್ಟ್ ಅಸೋಸಿಯೇಷನ್‌ನೋರು 2013ರಲ್ಲಿ ಸ್ಟ್ರೋಕ್ (ನಾವು ಲಕ್ವ ಅನ್ನೋದು) ಅಂದ್ರೆ ಏನು ಅನ್ನೋ ವ್ಯಾಖ್ಯಾನ ಬದಲಾಯಿಸಿದಾಗ ರೆಟಿನಾಗೆ ರಕ್ತ ನಿಲ್ಲೋದನ್ನೂ ಅದ್ರೊಳಗೇ ಸೇರಿಸಿದ್ರು. ಅಂದ್ರೆ ನಿಮಗೆ ಆಗಿರೋದು ಸ್ಟ್ರೋಕೇ, ಜಾಗ ಮಾತ್ರ ಕಣ್ಣು. ಇಂಥವರಿಗೆ ತಕ್ಷಣ ಮೆದುಳಿನ ಎಂಆರ್‌ಐ ಮಾಡಿದ್ರೆ ಹತ್ತತ್ರ ನಾಲ್ಕರಲ್ಲಿ ಒಬ್ಬರಿಗೆ ಮೆದುಳಲ್ಲೂ ಸಣ್ಣ ಹೊಸ ಸ್ಟ್ರೋಕ್ ಕಲೆ ಸಿಗ್ತವೆ, ಅವರಿಗೆ ಕೈಕಾಲು ಎಲ್ಲ ಚೆನ್ನಾಗೇ ಇರ್ತವೆ, ಏನೂ ಗೊತ್ತೇ ಆಗಿರಲ್ಲ.

ಅಪಾಯ ಅತೀ ಜಾಸ್ತಿ ಇರೋದು ಮೊದಲ ಒಂದೆರಡು ವಾರ, ಆಮೇಲೆ ಒಂದು ತಿಂಗಳವರೆಗೂ. ಅಲ್ಲಿಂದಾಚೆ ಕಮ್ಮಿ ಆಗುತ್ತೆ, ಆದ್ರೆ ಪೂರ್ತಿ ಹೋಗಲ್ಲ. ವರ್ಷಗಟ್ಟಲೆ ಲಕ್ವದ ಜೊತೆ ಹಾರ್ಟ್ ಅಟ್ಯಾಕ್ ಭಯನೂ ಬೇರೆಯವರಿಗಿಂತ ಮೇಲೇ ಇರುತ್ತೆ. ಯಾಕಂದ್ರೆ ಕತ್ತಿನ ನಾಳ ಕಟ್ಟಿಸಿದ ಕೊಬ್ಬು, ಬಿಪಿ, ಶುಗರ್, ಬೀಡಿ ಇವು ಹಾರ್ಟಿನ ನಾಳನೂ ಬಿಟ್ಟಿರಲ್ಲ.

ಇನ್ನೊಂದು, ನಮ್ ಕಡೆ ರಕ್ತನಾಳಕ್ಕೂ ನರ ಅಂತಾನೇ ಅನ್ನೋದು. "ಕಣ್ಣಿನ ನರ ಬ್ಲಾಕ್" ಅಂದಾಗ ಅದು ರಕ್ತ ತರೋ ನಾಳನಾ, ವಾಪಸ್ ಒಯ್ಯೋ ನಾಳನಾ ಅಂತ ಡಾಕ್ಟರ್ ಹತ್ರ ಬಾಯಿಬಿಟ್ಟು ಕೇಳ್ರಿ, ಆರ್ಟರಿನಾ ವೇನಾ ಅಂತ. ವೇನ್ ಆದ್ರೆ ದಾರಿ ಬೇರೆ, ಅದಕ್ಕೆ ಕಣ್ಣಿಗೆ ಇಂಜೆಕ್ಷನ್ ಕೊಡ್ತಾರೆ. ನಾನಿಲ್ಲಿ ಹೇಳ್ತಿರೋದು ಆರ್ಟರಿ ಬ್ಲಾಕ್ ಬಗ್ಗೆ.

ಅದೇ ದಿನ

ಒಂದೇ ಕಣ್ಣು, ಇದ್ದಕ್ಕಿದ್ದಂಗೆ, ನೋವಿಲ್ದೆ ಮಂಜಾದ್ರೆ ಕನ್ನಡಕದ ಅಂಗಡಿಗೆ ಹೋಗ್ಬೇಡ್ರಿ. 24 ಗಂಟೆ ಎಮರ್ಜೆನ್ಸಿ, ಸಿಟಿ ಸ್ಕ್ಯಾನ್, ನ್ಯೂರೋ ಡಾಕ್ಟರ್ ಎಲ್ಲ ಒಂದೇ ಕಡೆ ಇರೋ ದೊಡ್ಡ ಆಸ್ಪತ್ರೆಗೇ ನೇರ ಹೋಗ್ರಿ. ದಾವಣಗೆರೇಲಿ ಎರಡೆರಡು ಮೆಡಿಕಲ್ ಕಾಲೇಜು ಅವೆ, ಚಿತ್ರದುರ್ಗದಲ್ಲೂ ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಎಲ್ಲ ಐತೆ. ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯೋರು ನಾಳೆ ಸಂತೆಗೆ ಹೋದಾಗ ತೋರಿಸಿದ್ರಾಯ್ತು ಅನ್ಬೇಡ್ರಿ. ರಕ್ತ ಪೂರ್ತಿ ನಿಂತ್ರೆ ಸುಮಾರು 4 ಗಂಟೇಲಿ ಪರದೆ ಸತ್ತೋಗುತ್ತೆ. ಬೇಗ ಹೋದೋರಿಗೆ ಕೆಲವು ಕಡೆ ನಾಲ್ಕೂವರೆ ಗಂಟೆ ಒಳಗಾದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಯೋಚನೆ ಮಾಡ್ತಾರೆ, ಎಲ್ಲರಿಗೂ ಅಲ್ಲ, ಕಣ್ಣು ಬಂದೇ ಬರುತ್ತೆ ಅಂತ ಗ್ಯಾರಂಟಿನೂ ಇಲ್ಲ.

ಕಣ್ಣು ಐದು ನಿಮಿಷ ಕತ್ತಲಾಗಿ, ಮೇಲಿಂದ ಪರದೆ ಇಳಿದಂಗಾಗಿ, ತಾನೇ ಸರಿ ಹೋದ್ರೆ? ಅದಕ್ಕೂ ಇದೇ ಓಟ ಓಡ್ಬೇಕು. ಸರಿ ಹೋಯ್ತಲ್ಲ ಅಂತ ಸುಮ್ನಾಗೋರೇ ಜಾಸ್ತಿ, ನಿಜವಾಗ್ಲೂ ಉಳಿಸ್ಕೊಳ್ಳೋಕೆ ಚಾನ್ಸ್ ಇರೋದೂ ಅವರಿಗೇ.

ಹತ್ತು ದಿನ ಆಗೋಗೈತೆ, ಕಣ್ಣಂತೂ ಹೋಗೈತೆ ಅನ್ನೋರು ಇವತ್ತೇ ಹೋಗ್ರಿ. ಕಣ್ಣಿಗಲ್ಲ, ಮಿಕ್ಕಿದ್ದಕ್ಕೆ.

ಮೊದಲ ವಾರದೊಳಗೆ ಆಗ್ಬೇಕಾದ ಟೆಸ್ಟುಗಳು

ಎಲ್ಲ ಟೆಸ್ಟಿನ ಉದ್ದೇಶ ಒಂದೇ, ಆ ಚೂರು ಎಲ್ಲಿಂದ ಬಂತು ಅಂತ ಹುಡುಕೋದು. ಬರೋ ಜಾಗ ಮುಖ್ಯವಾಗಿ ಎರಡು: ಕತ್ತು, ಹಾರ್ಟು.

ಕತ್ತಿಗೆ ಕರೋಟಿಡ್ ಡಾಪ್ಲರ್. ಹೊಟ್ಟೆ ಸ್ಕ್ಯಾನ್ ಮಾಡ್ತಾರಲ್ಲ ಅದೇ ಥರ, ಜೆಲ್ ಹಚ್ಚಿ ಕತ್ತಿನ ಮೇಲೆ ಆಡಿಸ್ತಾರೆ, ನೋವಿಲ್ಲ, ಅರ್ಧ ಗಂಟೆ ಕೆಲಸ. ರಿಪೋರ್ಟಲ್ಲಿ ಪರ್ಸೆಂಟೇಜ್ ಬರುತ್ತೆ, ಅದನ್ನ ನೋಡ್ಕೊಳ್ರಿ. ಕಣ್ಣು ಹೋದ ಕಡೇನೇ 70ರಿಂದ 99 ಪರ್ಸೆಂಟ್ ಕಟ್ಟಿದ್ರೆ ಆಪರೇಷನ್ ಮಾಡಿ ಕ್ಲೀನ್ ಮಾಡೋದು ಇಲ್ಲಾ ಸ್ಟೆಂಟ್ ಹಾಕೋದು ಅನ್ನೋ ಮಾತು ಬರುತ್ತೆ, ಮಾಡೋದಾದ್ರೆ ಎರಡು ವಾರದೊಳಗೆ ಮಾಡಿದ್ರೇ ಲಾಭ ಜಾಸ್ತಿ. 50ರಿಂದ 69 ಇದ್ರೆ ಆಳು ನೋಡಿ ತೀರ್ಮಾನ ಮಾಡ್ತಾರೆ. ಪೂರ್ತಿ 100 ಕಟ್ಟಿದ್ರೆ ಸಾಮಾನ್ಯವಾಗಿ ಮುಟ್ಟಲ್ಲ, ಮಾತ್ರೆ ಅಷ್ಟೇ. ಕತ್ತಿಗೆ ಕೈ ಹಾಕ್ತಾರೆ ಅಂದ ತಕ್ಷಣ ಮನೇಲಿ ಎಲ್ಲರೂ ಬೇಡ ಅಂತಾರೆ, ನಮ್ಮ ಚಿಕ್ಕಪ್ಪಂದಿರು ಅಪ್ಪಾಜಿನ ಆಪರೇಷನ್‌ಗೆ ಅಂತ ಬೆಂಗಳೂರಿಗೆ ಹೊರಡಿಸೋ ದಿನ ಬೆಳಿಗ್ಗೆವರೆಗೂ ಬೇಡ ಅಂತಾನೇ ಇದ್ರು. ಆಪರೇಷನ್‌ಗೂ ಅದರದೇ ಆದ ರಿಸ್ಕ್ ಐತೆ, ಸುಳ್ಳಲ್ಲ, ಅದಕ್ಕೇ ಇಂಥದ್ದು ರೆಗ್ಯುಲರ್ ಆಗಿ ಮಾಡೋ ಕಡೆ ಮಾಡಿಸ್ರಿ.

ಮೆದುಳಿಗೆ ಎಂಆರ್‌ಐ, ಜೊತೆಗೆ ತಲೆ ಮತ್ತು ಕತ್ತಿನ ನಾಳಗಳ ಆಂಜಿಯೋ (ನಾಳ ಎಲ್ಲಿ ಕಟ್ಟೈತೆ ಅಂತ ತೋರಿಸೋ ಸ್ಕ್ಯಾನ್). ನಮ್ಮ ದೇಶದವರಲ್ಲಿ ತಲೆ ಒಳಗಿನ ನಾಳ ಕಟ್ಟೋದು ಬಿಳಿಯರಿಗಿಂತ ಜಾಸ್ತಿ, ಕತ್ತಿನ ಡಾಪ್ಲರ್ ಅದನ್ನ ಸರಿಯಾಗಿ ತೋರಿಸಲ್ಲ.

ಹಾರ್ಟಿಗೆ ಇಸಿಜಿ, ಎಕೋ (ಹಾರ್ಟಿನ ಸ್ಕ್ಯಾನ್). ಇಲ್ಲೊಂದು ಮೋಸ ಐತೆ. ಹಾರ್ಟ್ ಬಡಿತ ತಾಳ ತಪ್ಪೋ ಕಾಯಿಲೆ (ಏಟ್ರಿಯಲ್ ಫಿಬ್ರಿಲೇಷನ್, ಡಾಕ್ಟರ್‌ಗಳು ಎಎಫ್ ಅಂತಾರೆ) ಬಂದು ಹೋಗಿ ಮಾಡುತ್ತೆ. ನೀವು ಇಸಿಜಿ ಮಾಡಿಸೋ ಹತ್ತು ಸೆಕೆಂಡಲ್ಲಿ ಅದು ಸುಮ್ನಿದ್ರೆ ರಿಪೋರ್ಟ್ ನಾರ್ಮಲ್. ಅದಕ್ಕೇ 24 ಗಂಟೆ ಅಥವಾ ಅದಕ್ಕೂ ಜಾಸ್ತಿ ಹೊತ್ತು ಎದೆಗೆ ಕಟ್ಟೋ ಹೋಲ್ಟರ್ ಬಗ್ಗೆ ಕೇಳ್ರಿ. ಮನೇಲಿ ನೀವೇ ಮಾಡ್ಬಹುದಾದ್ದು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಅರ್ಧ ನಿಮಿಷ ನಾಡಿ ನೋಡ್ರಿ. ಗಡಿಯಾರದಂಗೆ ಬಡಿದ್ರೆ ಸರಿ, ಹಂಚಿನ ಮೇಲೆ ಮಳೆಹನಿ ಬಿದ್ದಂಗೆ ಅಡ್ಡಾದಿಡ್ಡಿ ಬಡಿದ್ರೆ ಡಾಕ್ಟರ್ ಹತ್ರ ಹೇಳ್ರಿ.

ರಕ್ತಕ್ಕೆ ಶುಗರ್, ಮೂರು ತಿಂಗಳ ಆವರೇಜ್ ಹೇಳೋ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಸಿಬಿಸಿ (ರಕ್ತಕಣಗಳ ಲೆಕ್ಕ), ಕಿಡ್ನಿ. ವಯಸ್ಸು 50 ದಾಟಿದ್ರೆ ಇಎಸ್‌ಆರ್, ಸಿಆರ್‌ಪಿ (ಮೈಯಲ್ಲಿ ಉರಿಯೂತ ಐತಾ ಅಂತ ಹೇಳೋ ಟೆಸ್ಟುಗಳು) ಮಾಡಿಸ್ಲೇಬೇಕು. ಕಣತಲೆ ಹತ್ರ ಹೊಸದಾಗಿ ತಲೆನೋವು, ಬಾಚಣಿಗೆ ತಾಗಿದ್ರೂ ನೋವು, ಅಗಿಯೋವಾಗ ದವಡೆ ಸೋಲೋದು ಇದ್ರೆ ಅದು ನಾಳದ ಉರಿಯೂತ ಇರ್ಬಹುದು, ನಮ್ಮಲ್ಲಿ ಅಪರೂಪ, ಆದ್ರೆ ತಕ್ಷಣ ಸ್ಟಿರಾಯ್ಡ್ ಶುರು ಮಾಡ್ಲಿಲ್ಲ ಅಂದ್ರೆ ಇನ್ನೊಂದು ಕಣ್ಣೂ ಹೋಗ್ಬಹುದು.

ನಲವತ್ತರ ಒಳಗಿನವರಿಗೆ ಆದ್ರೆ ಹುಡುಕೋ ಪಟ್ಟಿನೇ ಬೇರೆ. ಚಿಕ್ಕೋರಿದ್ದಾಗ ಗಂಟಲು ನೋವು, ಕೀಲು ಬಾವು ಬಂದು ಆಮೇಲೆ ಹಾರ್ಟಿನ ವಾಲ್ವ್ ಕಿರಿದಾಗಿರೋರು ನಮ್ಮ ಹಳ್ಳಿ ಕಡೆ ಇನ್ನೂ ಅವ್ರೆ, ಗರ್ಭಿಣಿ ಆದಾಗ್ಲೇ ಗೊತ್ತಾಗೋ ಹೆಣ್ಮಕ್ಕಳೂ ಅವ್ರೆ. ರಕ್ತ ಹೆಪ್ಪುಗಟ್ಟೋ ಕಾಯಿಲೆಗಳಿಗೆ ಟೆಸ್ಟ್, ಹೋಮೋಸಿಸ್ಟೀನ್ (ರಕ್ತದಲ್ಲಿರೋ ಒಂದು ಅಂಶ), ಬಿ12 ವಿಟಮಿನ್ ಇವೂ ಸೇರ್ತವೆ. ಪಕ್ಕಾ ಸಸ್ಯಾಹಾರಿಗಳಿಗೆ ಬಿ12 ಕಮ್ಮಿ ಇರೋದು ಮಾಮೂಲು.

ಮಾತ್ರೆ ವಿಷಯ, ಇದು ನನ್ನ ಏರಿಯಾ

ಅಂಗಡೀಲಿ ಕೂತು ನಾನು ನೋಡೋದು ಏನಂದ್ರೆ, ಮೊದಲ ತಿಂಗಳು ಚೀಟಿ ಪೂರ್ತಿ ತಗೊಳ್ತಾರೆ, ಎರಡನೇ ತಿಂಗಳು "ಹದಿನೈದು ದಿನದ್ದು ಕೊಡ್ರಿ ಸಾಕು", ನಾಲ್ಕನೇ ತಿಂಗಳಿಗೆ ಆಳೇ ಪತ್ತೆ ಇಲ್ಲ. ಕೇಳಿದ್ರೆ "ಕಣ್ಣೇನು ಬರ್ಲಿಲ್ಲ, ಮಾತ್ರೆ ಯಾಕೆ" ಅಂತಾರೆ. ಅಣ್ಣಾ, ಮಾತ್ರೆ ಕಣ್ಣಿಗೆ ಕೊಟ್ಟಿದ್ದೇ ಅಲ್ಲ.

ಕತ್ತಿನ ಕಡೆಯಿಂದ ಬಂದ ಚೂರು ಅಂತಾದ್ರೆ ರಕ್ತ ಹೆಪ್ಪುಗಟ್ಟದಂಗೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಕೊಡ್ತಾರೆ. ಕೆಲವರಿಗೆ ಮೊದಲ ಮೂರು ವಾರ ಎರಡೂ ಸೇರಿಸಿ ಕೊಟ್ಟು ಆಮೇಲೆ ಒಂದನ್ನ ನಿಲ್ಲಿಸ್ತಾರೆ. ಯಾವುದು ಯಾವತ್ತು ನಿಲ್ಲಿಸ್ಬೇಕು ಅಂತ ಚೀಟಿ ಮೇಲೆ ತಾರೀಖು ಹಾಕಿಸ್ಕೊಳ್ರಿ, ಎರಡನ್ನೂ ವರ್ಷಗಟ್ಟಲೆ ನುಂಗಿ ಹೊಟ್ಟೇಲಿ ರಕ್ತ ಸೋರಿಸ್ಕೊಂಡೋರನ್ನೂ ನೋಡೀನಿ, ಎರಡನ್ನೂ ಒಟ್ಟಿಗೆ ಬಿಟ್ಟೋರನ್ನೂ ನೋಡೀನಿ. ಕ್ಲೋಪಿಡೋಗ್ರೆಲ್ ತಗೊಳ್ಳೋರು ಗ್ಯಾಸ್ ಮಾತ್ರೆ ಅಂತ ಒಮೆಪ್ರಜೋಲ್ ಕೇಳಿ ತಗೊಂಡ್ರೆ ಕ್ಲೋಪಿಡೋಗ್ರೆಲ್ ಕೆಲಸ ಕಮ್ಮಿ ಆಗುತ್ತೆ, ಬೇಕೇ ಬೇಕು ಅಂದ್ರೆ ಪ್ಯಾಂಟೊಪ್ರಜೋಲ್ ಆಗ್ಬಹುದಾ ಅಂತ ಡಾಕ್ಟರ್‌ನ ಕೇಳ್ರಿ.

ಎಎಫ್ ಇದ್ರೆ ಆಸ್ಪಿರಿನ್ ಸಾಲಲ್ಲ, ರಕ್ತ ತೆಳು ಮಾಡೋ ಬೇರೆ ಮಾತ್ರೆ ಬೇಕು. ಹೊಸ ಮಾತ್ರೆಗಳಿಗೆ ಪದೇ ಪದೇ ರಕ್ತ ಪರೀಕ್ಷೆ ಬೇಡ, ಆದ್ರೆ ಒಂದೊತ್ತು ತಪ್ಪಿದ್ರೂ ರಕ್ಷಣೆ ಹೋಗುತ್ತೆ. ರುಮ್ಯಾಟಿಕ್ ಕಾಯಿಲೆಯಿಂದ (ಮೇಲೆ ಹೇಳಿದ ಗಂಟಲು ನೋವು, ಕೀಲು ಬಾವಿಂದ ಶುರುವಾಗೋದು) ವಾಲ್ವ್ ಕಿರಿದಾಗಿ ಎಎಫ್ ಬಂದೋರಿಗೆ ಹಳೇ ವಾರ್ಫರಿನ್ ಥರದ್ದೇ ಸರಿ, ಅದಕ್ಕೆ ರಕ್ತ ಎಷ್ಟು ತೆಳುವಾಗೈತೆ ಅಂತ ಹೇಳೋ ಐಎನ್‌ಆರ್ ಅನ್ನೋ ರಕ್ತ ಪರೀಕ್ಷೆ ಸಾಮಾನ್ಯವಾಗಿ 2ರಿಂದ 3ರೊಳಗೆ ಇರ್ಬೇಕು. ಅದನ್ನ ತಗೊಳ್ಳೋರು ಸೊಪ್ಪು ಬಿಡೋದು ಬೇಡ, ವಾರಕ್ಕೆ ಎಷ್ಟು ತಿಂತೀರೋ ಹೆಚ್ಚುಕಮ್ಮಿ ಅಷ್ಟೇ ತಿನ್ರಿ. ಬೇಧಿ ಆಯ್ತು ಅಂತ ಮೆಟ್ರೊನಿಡಜೋಲ್ ತಗೊಂಡ್ರೆ ಐಎನ್‌ಆರ್ ಎಲ್ಲಿಗೋ ಏರುತ್ತೆ, ಹುಷಾರು.

ಕೊಲೆಸ್ಟ್ರಾಲ್ ಮಾತ್ರೆ ಅಂದ್ರೆ ಅಟೊರ್ವಾಸ್ಟಾಟಿನ್ ಥರದ್ದು. ಕಟ್ಟಿರೋ ನಾಳ ಸಿಕ್ಕವರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 70ರ ಕೆಳಗೆ ಇಡೋದು ಗುರಿ. ಲ್ಯಾಬ್ ರಿಪೋರ್ಟಲ್ಲಿ 100ರವರೆಗೂ ನಾರ್ಮಲ್ ಅಂತ ಪ್ರಿಂಟ್ ಆಗಿರುತ್ತೆ, ಅದು ಕಾಯಿಲೆ ಇಲ್ದೋರಿಗೆ, ನಿಮಗಲ್ಲ. ನಾರ್ಮಲ್ ಬಂತು ಅಂತ ಮಾತ್ರೆ ಬಿಡೋರು ಮಾತ್ರೆಯಿಂದ್ಲೇ ನಾರ್ಮಲ್ ಬಂದಿರೋದು ಅನ್ನೋದನ್ನ ಮರೀತಾರೆ. ಮೈಕೈ ವಿಪರೀತ ನೋವು, ಮೂತ್ರ ಕಾಫಿ ಬಣ್ಣ ಬಂದ್ರೆ ಮಾತ್ರ ಅದೇ ದಿನ ಡಾಕ್ಟರ್‌ಗೆ ತೋರಿಸ್ರಿ.

ಮೊಣಕಾಲು ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ತಗೊಳ್ಬೇಡ್ರಿ. ಬಿಪಿ ಏರಿಸ್ತವೆ, ಹೊಟ್ಟೇಲಿ ರಕ್ತ ಸೋರಿಸ್ತವೆ, ಹಾರ್ಟಿಗೂ ಒಳ್ಳೇದಲ್ಲ. ನಮ್ಮಂಥ ಅಂಗಡಿಯೋರು ಕೇಳಿದ್ ತಕ್ಷಣ ಕೊಡ್ತೀವಿ, ಅದು ನಮ್ಮ ತಪ್ಪೇ, ನೀವಾದ್ರೂ ಇಂಥ ಮಾತ್ರೆ ತಗೊಳ್ತೀನಿ ಅಂತ ಹೇಳ್ರಿ. ಹಲ್ಲು ಕೀಳಿಸೋಕೆ ಹೋದಾಗ್ಲೂ ಹೇಳ್ರಿ, ನೀವಾಗೇ ನಿಲ್ಲಿಸ್ಕೊಂಡು ಹೋಗ್ಬೇಡ್ರಿ. ದುಡ್ಡಿನ ತಾಪತ್ರಯ ಇದ್ರೆ ಜನೌಷಧಿ ಅಂಗಡೀಲಿ ಇವೆಲ್ಲ ತುಂಬ ಕಮ್ಮಿಗೆ ಸಿಗ್ತವೆ (ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕ್ಕೊಳ್ತಿದೀನಿ), ಬಿಪಿ ಶುಗರ್ ಮಾತ್ರೆ ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ.

ಕಣ್ಣನ್ನ ಪೂರ್ತಿ ಮರೀಬೇಡ್ರಿ

ಮೊದಲ ಮೂರು ನಾಲ್ಕು ತಿಂಗಳಲ್ಲಿ ಕೆಲವರಿಗೆ ಆ ಕಣ್ಣಲ್ಲಿ ಬೇಡದ ಹೊಸ ನಾಳ ಬೆಳೆದು ಪ್ರೆಷರ್ ಏರಿ ಕಣ್ಣು ಕೆಂಪಾಗಿ ತಡೆಯೋಕಾಗದ ನೋವು ಬರುತ್ತೆ. ಹೇಳಿದ ದಿನಕ್ಕೆ ಚೆಕಪ್‌ಗೆ ಹೋದ್ರೆ ಲೇಸರ್, ಇಂಜೆಕ್ಷನ್‌ನಲ್ಲಿ ತಡೀತಾರೆ. ಒಂದೇ ಕಣ್ಣಲ್ಲಿ ದೂರ ಹತ್ರ ಅಂದಾಜು ಸಿಗಲ್ಲ, ಲೋಟಕ್ಕೆ ಚಹಾ ಬಗ್ಗಿಸಿದ್ರೆ ಆಚೆ ಚೆಲ್ಲುತ್ತೆ, ಮೆಟ್ಟಿಲು ತಪ್ಪುತ್ತೆ. ಡಾಕ್ಟರ್ ಸರಿ ಅನ್ನೋವರೆಗೂ ಬೈಕ್ ಮುಟ್ಟಬೇಡ್ರಿ.

ಇನ್ಮೇಲೆ ದಿನಾ

ಬಿಪಿ 130/80ರ ಕೆಳಗೆ. ಮನೇಲಿ ತೋಳಿಗೆ ಕಟ್ಟೋ ಮೆಷಿನ್ ಇಟ್ಕೊಳ್ರಿ, ಮಣಿಕಟ್ಟಿಂದು ಬೇಡ. ಐದು ನಿಮಿಷ ಸುಮ್ನೆ ಕೂತು, ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ, ಎರಡು ಸಲ ನೋಡಿ ಬರೆದಿಡ್ರಿ. ಅಪ್ಪಾಜಿ ಹಳೇ ಕಿರಾಣಿ ಲೆಕ್ಕದ ಪುಸ್ತಕದಲ್ಲಿ ಬರೀತಾರೆ, ಎಡಗಡೆ ಹಾಲಿನ ಲೆಕ್ಕ, ಬಲಗಡೆ ಬಿಪಿ.

ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಿಡ್ಬೇಕು, ದಿನಕ್ಕೆ ಎರಡೇ ಅನ್ನೋ ಲೆಕ್ಕ ಇಲ್ಲ. ಬಿಟ್ಟು ಒಂದು ವರ್ಷಕ್ಕೆ ಹಾರ್ಟಿನ ರಿಸ್ಕ್ ಸೇದೋರಿಗಿಂತ ಅರ್ಧದಷ್ಟಾಗುತ್ತೆ.

ಊಟದ ವಿಷಯಕ್ಕೆ ಬಂದ್ರೆ ನಮ್ಮೂರಲ್ಲಿದ್ದು ಬೆಣ್ಣೆದೋಸೆ ಬಿಡ್ರಿ ಅನ್ನೋಕೆ ನನಗೇ ಬಾಯಿ ಬರಲ್ಲ. ಅಪ್ಪಾಜಿಗೆ ತಿಂಗಳಿಗೆ ಒಂದು, ಪೆನ್ಷನ್ ಬಂದ ದಿನ. ಅದಕ್ಕಿಂತ ಮೋಸ ಮಾಡೋದು ಉಪ್ಪು. ಇಡೀ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಅಂದ್ರೆ 5 ಗ್ರಾಂ ಸಾಕು, ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಊಟಕ್ಕೆ ಉಪ್ಪಿನಕಾಯಿ ಹಪ್ಪಳ ಸೇರಿದ್ರೆ ಅದು ಯಾವಾಗ ದಾಟ್ತೋ ಗೊತ್ತಾಗಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು ನಮ್ಮ ಊಟಾನೇ, ಅದಕ್ಕೆ ಡಯಟ್ ಚಾರ್ಟ್ ಬೇಕಿಲ್ಲ. ವಾರಕ್ಕೆ 150 ನಿಮಿಷ ನಡಿಗೆ, ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಬಂದ್ರೆ ಜೊತೆಗೆ ಜನನೂ ಸಿಗ್ತಾರೆ.

ಮತ್ತೆ ಏನಾದ್ರೂ ಆದ್ರೆ

ಮುಖ ಸೊಟ್ಟ, ಕೈ ಅಥವಾ ಕಾಲು ಸೋಲು, ಮಾತು ತೊದಲು, ಇದ್ದಕ್ಕಿದ್ದಂಗೆ ಜೋಲಿ ಹೊಡೆಯೋದು, ಇನ್ನೊಂದು ಕಣ್ಣು ಮಂಜು, ಇದ್ರಲ್ಲಿ ಒಂದು ಕಂಡ್ರೂ ಟೈಮ್ ನೋಡ್ಕೊಂಡು 108ಕ್ಕೆ ಫೋನ್ ಮಾಡ್ರಿ. ಬಾಯಿಗೆ ನೀರೂ ಹಾಕ್ಬೇಡ್ರಿ, ಆಸ್ಪಿರಿನ್ನೂ ಹಾಕ್ಬೇಡ್ರಿ, ಅದು ಬ್ಲಾಕಾ ರಕ್ತಸ್ರಾವನಾ ಅಂತ ಸಿಟಿ ಸ್ಕ್ಯಾನ್ ಆಗೋವರೆಗೂ ಗೊತ್ತಾಗಲ್ಲ. ಪಾರಿವಾಳದ ರಕ್ತ ಹಚ್ಚಿಸೋಕೆ ಊರೂರು ಅಲೆಯೋರು ಈಗ್ಲೂ ಅವ್ರೆ, ಆ ಅಲೆದಾಟದಲ್ಲೇ ನಾಲ್ಕೂವರೆ ಗಂಟೆ ಮುಗಿದು ಇಂಜೆಕ್ಷನ್ ಕೊಡೋ ಟೈಮ್ ಹೋಗಿರುತ್ತೆ.

ಎದೆ ಹಿಡ್ಕೊಂಡಂಗೆ, ಬೆವರು, ದವಡೆಗೆ ಎಡಗೈಗೆ ನೋವು ಎಳೆದ್ರೆ ಹಾರ್ಟು. ಶುಗರ್ ಇರೋರಿಗೆ ಎದೆನೋವೇ ಇಲ್ದೆ ಬರೀ ಸುಸ್ತು, ಉಬ್ಬಸ, ಹೊಟ್ಟೆ ಉರಿ ಅಂತ ಬರ್ಬಹುದು. ಗ್ಯಾಸ್ ಅಂತ ಸೋಡಾ ಕುಡಿದು ಮಲಗ್ಬೇಡ್ರಿ, ಹತ್ರದ ತಾಲೂಕು ಆಸ್ಪತ್ರೇಲಾದ್ರೂ ಇಸಿಜಿ ತೆಗೆಸ್ರಿ.

ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಈಗ್ಲೇ ಮಾಡಿಸಿಟ್ಕೊಳ್ರಿ, ಬಿಪಿಎಲ್‌ನೋರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೂ ಐತೆ.

ಕೊನೇದಾಗಿ ಒಂದು ಚೀಟಿ. ಅಪ್ಪಾಜಿ ಜೇಬಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು ಒಂದು ಇರುತ್ತೆ. ಎಡಗಣ್ಣಿನ ನಾಳ ಬ್ಲಾಕ್ ಆಗಿದೆ, ಲಕ್ವ ಆಗಿತ್ತು, ಕತ್ತಿನ ಆಪರೇಷನ್ ಆಗಿದೆ, ತಗೊಳ್ಳೋ ಮಾತ್ರೆ ಇವು, ಯಾವುದಕ್ಕೆ ಅಲರ್ಜಿ, ನನ್ನ ನಂಬರ್, ಅಷ್ಟೇ. ಒಂದು ಕಡೆ ಡಾಕ್ಟರ್‌ಗೆ ಅಂತ ಇಂಗ್ಲಿಷ್‌ನಲ್ಲಿ, ಹಿಂದಗಡೆ ಕನ್ನಡದಲ್ಲಿ, ಯಾಕಂದ್ರೆ ಹರಿಹರದ ಬಸ್ಸಲ್ಲಿ ಬಿದ್ರೆ ಮೊದ್ಲು ಅದನ್ನ ಓದೋನು ಕಂಡಕ್ಟರ್.